ಬೆಕ್ಕಿನ ಗಂಧಭಾಷೆ

ಪ್ರತಿಯೊಂದು ಪ್ರಾಣಿಗೂ ತನ್ನದೇ ಆದ ಭಾಷೆಯುಂಟು. ಬೆಕ್ಕಿನ ‘ಮ್ಯಾಂವ್’ ಎಂಬ ಕೂಗು ಎಲ್ಲರಿಗೂ ಪರಿಚಿತ. ಆದರೆ ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗಿಕೊಳ್ಳುವುದು ವಿರಳ; ಆ ದನಿ ಬಹುಮಟ್ಟಿಗೆ ಮನುಷ್ಯರಿಗೆ ಮೀಸಲು. ಸ್ವಜಾತಿಯೊಡನೆ ಅವುಗಳ ವ್ಯವಹಾರದ ಹೆಚ್ಚಿನ ಭಾಗ ನಡೆಯುವುದು ವಾಸನೆಯ ಮೂಲಕ. ಮಹಾನಗರದ ಇಕ್ಕಟ್ಟಾದ ಬಿಡಾರಗಳಲ್ಲಿ ಬೆಕ್ಕು ಸಾಕುವವರು ಈ ಭಾಷೆಯನ್ನು ಅರಿತಿರುವುದು ಮನೆಯ ನೆಮ್ಮದಿಗೂ ಬೆಕ್ಕಿನ ಪ್ರಾಣಕ್ಕೂ ಹಿತಕರ.

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ ಹಾಗೂ ಅಂಗಾಲಿನ ಮೆತ್ತೆಗಳ ನಡುವೆ ಗಂಧಗ್ರಂಥಿಗಳಿವೆ. ಅದು ಮನೆಯವರ ಕಾಲಿಗೋ ಬಾಗಿಲ ಚೌಕಟ್ಟಿಗೋ ಮುಖ ಉಜ್ಜುವುದು ಕೇವಲ ಮುದ್ದಿಗಲ್ಲ. ‘ಇದು ಪರಿಚಿತ, ಇಲ್ಲಿ ಭಯವಿಲ್ಲ’ ಎಂಬ ಗುರುತನ್ನು ಅದು ಅಲ್ಲಿ ಬಿಡುತ್ತದೆ. ಕುರ್ಚಿಯ ಕಾಲನ್ನು ಪರಚಿದಾಗ ಕಣ್ಣಿಗೆ ಕಾಣುವ ಗೆರೆಯೊಡನೆ ಕಾಣದ ಗಂಧವೂ ಉಳಿಯುತ್ತದೆ.

ಗಂಡುಬೆಕ್ಕಿನ ಘಾಟುಮೂತ್ರ ಇನ್ನೊಂದು ಬಗೆಯ ಸಂದೇಶ. ಅದರಲ್ಲಿ ಫೆಲಿನೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವಿದ್ದು, ಅದು ಒಡೆದಂತೆ ದುರ್ಗಂಧ ಹೆಚ್ಚುತ್ತದೆ. ಫೆಲಿನೀನ್ ತಯಾರಿಕೆಯಲ್ಲಿ ‘ಕಾಕ್ಸಿನ್’ ಎಂಬ ಪ್ರೋಟೀನು ವಹಿಸುವ ಪಾತ್ರವನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ವಿವರಿಸಿದರು. ಈ ಗುರುತನ್ನು ಮೂಸಿದ ಬೆಕ್ಕು ಕೆಲವೊಮ್ಮೆ ಬಾಯಿ ಅರೆತೆರೆದು ಸ್ತಬ್ಧವಾಗಿ ನಿಲ್ಲುತ್ತದೆ. ಅದು ಅಸಹ್ಯದ ಮುಖಭಾವವಲ್ಲ. ಮೇಲಿನ ಮುಂಬಲ್ಲುಗಳ ಹಿಂದಿರುವ ಸೂಕ್ಷ್ಮ ರಂಧ್ರಗಳ ಮೂಲಕ ಗಂಧವನ್ನು ಅಂಗುಳಿನ ಮೇಲಿರುವ ‘ಜೇಕಬ್‌ಸನ್ನನ ಅಂಗ’ಕ್ಕೆ ಒಯ್ಯುವ ಕ್ರಮವದು. ಯಾರು ಬಂದರು, ಎಷ್ಟು ಹೊತ್ತಾಯಿತು ಎಂಬುದು ಹೀಗೆ ತಿಳಿಯುವುದರಿಂದ ಎಷ್ಟೋ ಜಗಳಗಳು ತಪ್ಪುತ್ತವೆ.

ಗೋಡೆಗೆ ಮೂತ್ರ ಸಿಂಪಡಿಸಿದ ಬೆಕ್ಕನ್ನು ಹೊಡೆಯುವುದು ವ್ಯರ್ಥ; ಭಯ ಹೆಚ್ಚಿದಷ್ಟೂ ಗುರುತು ಹಾಕುವ ಚಟವೂ ಹೆಚ್ಚೀತು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಗಂಡುಬೆಕ್ಕುಗಳು ಈ ಅಭ್ಯಾಸವನ್ನು ಬಿಡುತ್ತವೆ. ಆ ಜಾಗವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು, ಫಿನಾಯಿಲು ಸಲ್ಲದು. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಲು ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಗುರುತು ಹಾಕುವ ಬೆಕ್ಕು ಸಾಮಾನ್ಯವಾಗಿ ನಿಂತು, ಬಾಲವೆತ್ತಿ ನಡುಗಿಸುತ್ತ, ಗೋಡೆಗೆ ಹಿಮ್ಮುಖವಾಗಿ ಸಿಂಪಡಿಸುತ್ತದೆ. ಹಾಗಲ್ಲದೆ ಮೂಲೆಮೂಲೆಯಲ್ಲಿ ಕುಳಿತು ಮತ್ತೆಮತ್ತೆ ತಿಣುಕುತ್ತಿದ್ದರೆ, ಹನಿಯಷ್ಟೇ ಬಂದರೆ ಅಥವಾ ಏನೂ ಬಾರದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ನೋವಿನಿಂದ ಅರಚಿದರೆ ಅದು ಸಂದೇಶವಲ್ಲ, ರೋಗ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳುಗಳಿಂದಲೋ ಲೋಳೆಯಿಂದಲೋ ಅದು ಕಟ್ಟಿಕೊಂಡರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ರಕ್ತದಲ್ಲಿ ಪೊಟ್ಯಾಸಿಯಮ್ ಏರಿ, ಎರಡು ಮೂರು ದಿನಗಳಲ್ಲೇ ಹೃದಯ ನಿಲ್ಲಬಹುದು. ಶಸ್ತ್ರಚಿಕಿತ್ಸೆಯಾದ ಗಂಡುಬೆಕ್ಕಿಗೂ ಈ ಅಪಾಯ ತಪ್ಪಿದ್ದಲ್ಲ. ನಾಳೆಗೆಂದು ಮುಂದೂಡದೆ, ರಾತ್ರಿಯಾದರೂ ಸರಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಗಾದೆ. ಇಲ್ಲಿ ಪ್ರಾಣಸಂಕಟ ಬೆಕ್ಕಿನದೇ. ಅದನ್ನು ಚೆಲ್ಲಾಟವೆಂದು ಬಗೆಯದಿರುವುದೇ ಸಾಕಿದವರ ವಿವೇಕ.