ನೆಲಕ್ಕೆ ಕೂತು ಏಳು, ಆಮೇಲೆ ಜಿಮ್ಮಿಗೆ ಹೋಗು

ಜನವರಿ ಬಂತೆಂದರೆ ನಿನಗೆ ಮೈಮೇಲೆ ಬಂದುಬಿಡುತ್ತದೆ. ವರ್ಷದ ಜಿಮ್ ಫೀಸನ್ನು ಒಂದೇ ಸಲಕ್ಕೆ ಕಟ್ಟುತ್ತೀಯ. ಹೊಸ ಶೂ, ಹೊಸ ಬಾಟಲಿ, ಕೈಗೊಂದು ಹೆಜ್ಜೆ ಎಣಿಸುವ ವಾಚು. ಮೊದಲ ದಿನವೇ ಪಕ್ಕದವನನ್ನು ನೋಡಿ ಅವನಷ್ಟೇ ಭಾರ ಎತ್ತುತ್ತೀಯ. ಮೂರನೇ ದಿನ ಮೆಟ್ಟಿಲು ಇಳಿಯಲಾರದೆ ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತೀಯ. ಶಿವರಾತ್ರಿ ಹೊತ್ತಿಗೆ ಶೂ ಮಂಚದ ಕೆಳಗೆ ಸೇರಿರುತ್ತದೆ. ಹುಮ್ಮಸ್ಸು ನಿನ್ನಲ್ಲಿ ಬೇಕಾದಷ್ಟಿದೆ ಮರಿ, ನೋಡಿದರೆ ನನಗೆ ಖುಷಿಯೇ. ಆತುರ ಒಂದು ಕಮ್ಮಿಯಾದರೆ ನೀನು ಅಪ್ಪಟ ಚಿನ್ನ.

ಜಿಮ್ ಬೇಡ ಅನ್ನುವವಳಲ್ಲ ನಾನು. ಹೋಗು, ಭಾರ ಎತ್ತು, ಬೆವರು ಸುರಿಸು. ಆದರೆ ದಿನವೆಲ್ಲ ಕುರ್ಚಿ, ಸೋಫಾ, ಕಾರಿನ ಸೀಟು ಅಂತ ಕಳೆದು, ಉಳಿದ ಒಂದು ಗಂಟೆಯಲ್ಲಿ ಬಾಕಿಯೆಲ್ಲ ತೀರಿಸಿಬಿಡುತ್ತೇನೆ ಅಂದರೆ ಮೈ ಒಪ್ಪುವುದಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರನ್ನು ಪರೀಕ್ಷೆ ಮಾಡಿ 1953ರಲ್ಲಿ ಒಂದು ಸಂಗತಿ ಬರೆದರು. ಅಲ್ಲಿಯವು ಎರಡಂತಸ್ತಿನ ಬಸ್ಸುಗಳು. ಡ್ರೈವರು ಇಡೀ ದಿನ ಕೂತೇ ಇರುತ್ತಿದ್ದ. ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸು, ಒಂದೇ ಊರು. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಕಂಡಿತು. ಅವರು ವ್ಯಾಯಾಮಕ್ಕೆಂದು ಹೊರಟವರಲ್ಲ, ಹೊಟ್ಟೆಪಾಡಿಗೆ ಓಡಾಡಿದವರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಗಾದೆ. ಕೂತೇ ಇರುವವನಿಗೆ ಜಿಮ್ಮಿನ ಒಂದು ಗಂಟೆಯೂ ಸಾಲದು.

ನಮ್ಮ ಕಾಲವೇ ಚೆನ್ನಾಗಿತ್ತು ಅಂತ ನಿನ್ನ ಮುಂದೆ ಕೊಚ್ಚಿಕೊಳ್ಳುವುದಿಲ್ಲ. ಬಾವಿಯಲ್ಲಿ ಸೇದಿ, ಒರಳಲ್ಲಿ ರುಬ್ಬಿ, ಒಲೆಯ ಹೊಗೆಯಲ್ಲಿ ಕೂತು ನಮ್ಮ ಅಮ್ಮಂದಿರ ಸೊಂಟ ಬಿದ್ದುಹೋಗುತ್ತಿತ್ತು. ಮಿಕ್ಸಿ ಮನೆಗೆ ಬಂದ ದಿನ ನಾನು ಅದಕ್ಕೆ ಕುಂಕುಮ ಇಟ್ಟು ಕೈಮುಗಿದೆ. ಇವತ್ತಿಗೂ ಅದನ್ನು ಬಿಟ್ಟುಕೊಡಲಾರೆ. ಆದರೆ ಆ ಕೆಲಸಗಳ ಜೊತೆಗೇ ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಎಳೆಯುವುದು, ಹೊರುವುದು ಎಲ್ಲವೂ ಮನೆ ಬಿಟ್ಟು ಹೋದವು. ರಂಗೋಲಿ ಸ್ಟಿಕ್ಕರ್ ಆಯಿತು. ಈಳಿಗೆಮಣೆ ಅಟ್ಟ ಸೇರಿತು. ಊಟ ಟೇಬಲ್ಲಿಗೇರಿತು, ಆಮೇಲೆ ಸೋಫಾಕ್ಕೆ, ಈಗ ಹಾಸಿಗೆಗೆ. ನಿನ್ನ ಮಂಡಿ ಪೂರ್ತಿ ಮಡಚಿ ಎಷ್ಟು ದಿನವಾಯಿತು, ನೀನೇ ಯೋಚನೆ ಮಾಡು.

ಮಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇರುತ್ತದಲ್ಲ, ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಅನ್ನ. ಸ್ಪಂಜನ್ನು ಹಿಂಡಿ ಬಿಟ್ಟರೆ ಹೇಗೆ ನೀರು ಹೀರುತ್ತದೋ ಹಾಗೆ, ಮಂಡಿ ಮಡಚಿ ಬಿಚ್ಚಿದಾಗ ಅದು ದ್ರವವನ್ನು ಹೀರಿಕೊಳ್ಳುತ್ತದೆ. ಬೆನ್ನೆಲುಬಿನ ನಡುವಿನ ಬಿಲ್ಲೆಗಳದ್ದೂ ಸುಮಾರು ಇದೇ ಕತೆ. ಅಲುಗಾಡದಿದ್ದರೆ ಅವು ಉಪವಾಸ. ಸವೆದುಹೋದೀತು ಎಂದು ಮೈಯನ್ನು ಎತ್ತಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎತ್ತಿಟ್ಟಿದ್ದಕ್ಕೇ ಅದು ಬಿಗಿದುಕೊಂಡಿತು.

ಹಾಗಾಗಿ ನನ್ನ ಮೊದಲ ಮಾತು: ದಿನಕ್ಕೆ ಕೆಲವು ಸಲ ನೆಲಕ್ಕೆ ಕೂತು ಏಳು. ಕ್ಲೌಡಿಯೊ ಗಿಲ್ ಅರೌಜೊ ಎಂಬ ಬ್ರೆಜಿಲ್ಲಿನ ವೈದ್ಯರು ಇದನ್ನೇ ಒಂದು ಪರೀಕ್ಷೆ ಮಾಡಿದ್ದಾರೆ. ಬರಿಗಾಲಲ್ಲಿ ನಿಂತು ನೆಲಕ್ಕೆ ಕೂರಬೇಕು, ಮತ್ತೆ ಏಳಬೇಕು. ಕೂರಲು ಐದು ಅಂಕ, ಏಳಲು ಐದು. ಕೈಯನ್ನೋ ಮಂಡಿಯನ್ನೋ ಊರಿದರೆ ಊರಿದ್ದಕ್ಕೆಲ್ಲ ಒಂದೊಂದು ಅಂಕ ಕಳೆ, ಓಲಾಡಿದರೆ ಅರ್ಧ. 51ರಿಂದ 80 ವರ್ಷದ ಎರಡು ಸಾವಿರ ಜನರನ್ನು ಹೀಗೆ ನೋಡಿ ವರ್ಷಗಟ್ಟಲೆ ಗಮನಿಸಿದರು. 2012ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಕಡಿಮೆ ಅಂಕ ಪಡೆದವರಲ್ಲಿ ಸಾವು ಹೆಚ್ಚಿತ್ತು. ಅಂಕ ಕಮ್ಮಿ ಬಂತು ಅಂತ ಹೆದರಬೇಡ. ಕಾಲಿನ ಬಲ, ಕೀಲಿನ ಸಡಿಲ, ಸಮತೋಲ ಮೂರನ್ನೂ ಒಂದೇ ಚಲನೆ ತೋರಿಸಿಬಿಡುತ್ತದೆ ಅನ್ನುವುದನ್ನು ಮಾತ್ರ ನೆನಪಿಡು.

ಏಳುವಾಗ ಆತುರ ಬೇಡ. ಚಕ್ಕಳಮಕ್ಕಳ ಹಾಕಿದ ಕಾಲನ್ನು ಹತ್ತಿರ ಎಳೆದುಕೋ. ಎದೆಯನ್ನು ಮುಂದಕ್ಕೆ ಬಾಗಿಸು. ಭಾರ ಕುಂಡೆಯಿಂದ ಜಾರಿ ಪಾದಕ್ಕೆ ಬರುವುದು ಗೊತ್ತಾಗುತ್ತದೆ. ಹೆಬ್ಬೆರಳು ನೆಲವನ್ನು ಒತ್ತುತ್ತದೆ, ಹಿಮ್ಮಡಿಯೂ ನೆಲ ಹುಡುಕುತ್ತದೆ, ಆಮೇಲಷ್ಟೇ ತೊಡೆಗೆ ಕೆಲಸ. ನೀನು ಮಾಡುವುದೇನು? ಬೆನ್ನು ಸೆಟೆಸಿ, ಉಸಿರು ಕಟ್ಟಿ, ಒಂದೇ ಸಲಕ್ಕೆ ಜಿಗಿಯುತ್ತೀಯ. ನಿಧಾನ ಮಾಡಿದರೆ ಯಾವ ಕಡೆ ಸೋಲುತ್ತಿದೆ ಅನ್ನುವುದು ನಿನಗೇ ತಿಳಿಯುತ್ತದೆ. ಆಗದಿದ್ದರೆ ಗೋಡೆ ಹಿಡಿ, ಕೈ ಊರು, ಮಣೆಯ ಮೇಲೆ ಕೂರು. ಅದರಲ್ಲಿ ನಾಚಿಕೆ ಏನೂ ಇಲ್ಲ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಹುಟ್ಟಿದ್ದು 1918ರಲ್ಲಿ, ಚಿಕ್ಕಂದಿನಲ್ಲಿ ಮೈತುಂಬ ರೋಗ. ಹದಿಹರೆಯದಲ್ಲಿ ಮೈಸೂರಿಗೆ ಬಂದು ಭಾವ ಕೃಷ್ಣಮಾಚಾರ್ಯರ ಕೈಕೆಳಗೆ ಯೋಗ ಕಲಿತರು. ಮುಂದೆ ಜಗತ್ತಿಗೇ ಕಲಿಸುವಾಗ ಕುರ್ಚಿ, ಪಟ್ಟಿ, ಮರದ ಇಟ್ಟಿಗೆ, ಹಗ್ಗ ಎಲ್ಲವನ್ನೂ ಆಸರೆಗೆ ತಂದರು. ಅಷ್ಟು ದೊಡ್ಡವರೇ ಶಿಷ್ಯರಿಗೆ ಆಸರೆ ಕೊಟ್ಟಿರುವಾಗ ನಿನಗೇಕೆ ಬಿಗುಮಾನ?

ಇನ್ನು ಎತ್ತುವ ವಿಷಯ. ಜಿಮ್ಮಿನಲ್ಲಿ ಕನ್ನಡಿ ನೋಡಿಕೊಂಡು ಚೆನ್ನಾಗಿಯೇ ಎತ್ತುತ್ತೀಯ. ಮನೆಗೆ ನೀರಿನ ಕ್ಯಾನ್ ಬಂದಾಗ? ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕಿಲೋ. ಒಂದು ಕೈಯಲ್ಲಿ ಫೋನು, ದೂರ ನಿಂತು, ಸೊಂಟದಿಂದ ಬಗ್ಗಿ, ಎಳೆದು, ಹಾಗೇ ತಿರುಗಿ ಸ್ಟ್ಯಾಂಡಿನ ಮೇಲೆ ಕುಕ್ಕುತ್ತೀಯ. ಬೆನ್ನು ಹಿಡಿದುಕೊಳ್ಳುವುದು ಈ ಬಗ್ಗಿ-ತಿರುಗುವ ಗಳಿಗೆಯಲ್ಲೇ. ಹೀಗೆ ಮಾಡು: ಫೋನು ಪಕ್ಕಕ್ಕಿಡು. ಕ್ಯಾನಿಗೆ ಅಂಟಿದಷ್ಟು ಹತ್ತಿರ ನಿಲ್ಲು. ಕಾಲು ಅಗಲಿಸು. ಕುಂಡೆಯನ್ನು ಹಿಂದಕ್ಕೆ ತಳ್ಳಿ ಮಂಡಿ ಮಡಚು. ಎರಡೂ ಕೈಯಿಂದ ಹಿಡಿದು ಹೊಟ್ಟೆಗೆ ಒತ್ತಿಕೋ. ಉಸಿರು ಬಿಡುತ್ತ ಕಾಲಿನಿಂದ ಏಳು. ತಿರುಗಬೇಕಾದರೆ ಸೊಂಟ ತಿರುಚಬೇಡ, ಹೆಜ್ಜೆ ಹಾಕಿ ತಿರುಗು. ಗ್ಯಾಸ್ ಸಿಲಿಂಡರ್ ಇದಕ್ಕಿಂತ ಭಾರ. ಒಳಗಿನ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿ ಮೂವತ್ತರ ಆಸುಪಾಸು. ಅದಕ್ಕೆ ಇನ್ನೊಬ್ಬರನ್ನು ಕರೆ. ತರಕಾರಿ ಚೀಲವನ್ನು ಮಾತ್ರ ಯಾರಿಗೂ ಕೊಡಬೇಡ. ಎರಡು ಕೈಗೂ ಹಂಚಿಕೊಂಡು ಮನೆತನಕ ಹೊತ್ತು ತಾ, ಹಿಡಿತ ಗಟ್ಟಿಯಾಗುತ್ತದೆ.

ಹೊರುವುದು, ಹತ್ತುವುದು, ಹಾರುವುದು, ಎಸೆಯುವುದು, ಈಜುವುದು — ಇವನ್ನೇ ಒಟ್ಟುಮಾಡಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ ಅನ್ನುವವರು ಒಂದು ಶಿಕ್ಷಣಪದ್ಧತಿ ಕಟ್ಟಿದರು. ಬಲ ಬರಬೇಕು, ಬಂದ ಬಲ ಇನ್ನೊಬ್ಬರ ಉಪಯೋಗಕ್ಕೆ ಬೀಳಬೇಕು ಅನ್ನುವುದು ಅವರ ನಂಬಿಕೆ. ಈ ಮಾತು ನನಗೆ ಬಹಳ ಹಿಡಿಸಿತು. ಕನ್ನಡಿಗೆ ತೋರಿಸುವ ತೋಳಿಗಿಂತ, ಬಸ್ಸಿನಲ್ಲಿ ಮುದುಕರೊಬ್ಬರ ಗಂಟನ್ನು ಕೆಳಗಿಳಿಸಿಕೊಡುವ ತೋಳು ನನ್ನ ಕಣ್ಣಿಗೆ ಚೆಂದ.

ಹೆಜ್ಜೆ ಎಣಿಸುವ ವಾಚಿನ ಬಗ್ಗೆ ಒಂದು ಮಾತು. ಹತ್ತು ಸಾವಿರ ಆಗಲಿಲ್ಲ ಅಂತ ರಾತ್ರಿ ನಡುಮನೆಯಲ್ಲಿ ಸುತ್ತು ಹೊಡೆಯುತ್ತೀಯಲ್ಲ, ಆ ಸಂಖ್ಯೆ ಯಾವ ವೈದ್ಯರೂ ಬರೆದುಕೊಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಎಪ್ಪತ್ತರ ಆಸುಪಾಸಿನ ಅಮೆರಿಕದ ಹೆಂಗಸರನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಿಗೇ 2,700 ನಡೆದವರಿಗಿಂತ ಎಷ್ಟೋ ಲಾಭ ಕಂಡಿತು. 7,500ರ ಹತ್ತಿರ ಬಂದ ಮೇಲೆ ಲಾಭ ಹೆಚ್ಚಲಿಲ್ಲ. ನೀನು ಚಿಕ್ಕವನೋ ಚಿಕ್ಕವಳೋ, ಇನ್ನಷ್ಟು ನಡೆ, ಯಾರು ಬೇಡ ಅಂದರು? ಸಂಖ್ಯೆ ಮುಟ್ಟಲಿಲ್ಲ ಅಂತ ನಡೆಯುವುದನ್ನೇ ಬಿಡಬೇಡ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಸಾಧಾರಣ ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಊಟವಾದ ಮೇಲೆ ಹತ್ತು ನಿಮಿಷ ಓಡಾಡಿದರೆ ರಕ್ತದ ಸಕ್ಕರೆಗೂ ಒಳ್ಳೆಯದು. ನಡೆಯುವಾಗ ತಲೆ ಎತ್ತು. ನಿನ್ನ ತಲೆ ಐದು ಕಿಲೋ ಹತ್ತಿರ ತೂಗುತ್ತದೆ, ಫೋನಿಗೆ ಬಗ್ಗಿದಷ್ಟೂ ಕತ್ತಿನ ಮೇಲೆ ಹೊರೆ ಹೆಚ್ಚು.

ಈ ಮಾತಾಡುವ-ಹಾಡುವ ಲೆಕ್ಕ ನೋಡಬೇಕಾದರೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲ ಹಾದಿಗೆ ಬಾ. ಸಾವಿರ ಮೆಟ್ಟಿಲು. ಹುಡುಗರು ಎರಡೆರಡು ಮೆಟ್ಟಿಲು ಹಾರಿ ಹೊರಡುತ್ತಾರೆ. ಪಕ್ಕದಲ್ಲೇ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎದ್ದು, ಮುಂದಿನದಕ್ಕೆ ಹೋಗುತ್ತಾರೆ. ಬೆರಳು ಕೆಂಪಾಗಿರುತ್ತದೆ, ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತದೆ, ಉಸಿರು ಒಂದೇ ಹದದಲ್ಲಿರುತ್ತದೆ. ಅರ್ಧ ದಾರಿ ದಾಟುವ ಮೊದಲೇ ಹಾರಿದವರಲ್ಲಿ ಎಷ್ಟೋ ಮಂದಿ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿರುತ್ತಾರೆ. ಹೆಂಗಸರು ನಂದಿಯ ಹತ್ತಿರವೂ ಸೊಸೆಯ ಸುದ್ದಿ ಮಾತಾಡುತ್ತಲೇ ಇರುತ್ತಾರೆ. ತಮ್ಮ ಉಸಿರು ತಮಗೆ ಗೊತ್ತಿರುವವರು ಅವರು. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಹೆಚ್ಚು ಜಾಗ್ರತೆ ಬೇಕು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮರುದಿನದ ನೋವು ಬರುವುದೇ ಅಲ್ಲಿಂದ. ಧಡಧಡ ಇಳಿಯದೆ ಪಾದವನ್ನು ಮೆತ್ತಗೆ ಇಡು.

ನೋವಿನಲ್ಲೂ ಎರಡು ಜಾತಿ ಇದೆ, ಗುರುತು ಹಿಡಿಯಲು ಕಲಿ. ಹೊಸ ಕೆಲಸ ಮಾಡಿದ ಮರುದಿನ ಎರಡೂ ತೊಡೆ ಮಂದವಾಗಿ ನೊಂದರೆ, ಮುಟ್ಟಿದರೆ ನೋವೆನಿಸಿದರೆ, ಎರಡು ಮೂರು ದಿನದಲ್ಲಿ ಇಳಿದರೆ ಅದು ಸ್ನಾಯುವಿನದ್ದು. ಮಲಗಿಬಿಡಬೇಡ, ಸ್ವಲ್ಪ ಓಡಾಡು. ಆದರೆ ಕೀಲಿನೊಳಗೆ ಚುಚ್ಚಿದರೆ, ಊದಿಕೊಂಡರೆ, ಸೊಂಟದಿಂದ ಕಾಲಿಗೆ ಜೋಮು ಹರಿದರೆ, ಎದೆ ಹಿಂಡಿದರೆ, ಅಲ್ಲಿಗೆ ನಿಲ್ಲಿಸು. ಡಾಕ್ಟರ ಹತ್ತಿರ ಹೋಗು. ನೋವು ನುಂಗಿಕೊಂಡು ಮಾಡುವುದೇ ಗಂಡಸುತನ ಅಂತ ಯಾರೋ ವಿಡಿಯೊದಲ್ಲಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಮಂಡಿ ನಿನ್ನದು, ಅವನದಲ್ಲ.

ಕುಂಟೆಬಿಲ್ಲೆ ಆಡಿದ್ದೀಯಾ? ಒಂಟಿ ಕಾಲಲ್ಲಿ ಬಿಲ್ಲೆ ನೂಕುತ್ತಾ, ಗೆರೆ ಮೆಟ್ಟದೆ, ಬಗ್ಗಿ ಎತ್ತಿಕೊಳ್ಳಬೇಕು. ಸಮತೋಲಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಕಣ್ಣು, ಕಿವಿಯ ಒಳಭಾಗ, ಪಾದ ಮತ್ತು ಕೀಲುಗಳ ನರಗಳು — ಈ ಮೂರೂ ಕಡೆಯಿಂದ ಬರುವ ಸುದ್ದಿ ಸೇರಿಸಿ ಮಿದುಳು ನಮ್ಮನ್ನು ಬೀಳದಂತೆ ನಿಲ್ಲಿಸುತ್ತದೆ. ಬಳಸದಿದ್ದರೆ ಅದೂ ಮಂಕಾಗುತ್ತದೆ. ಬೆಳಿಗ್ಗೆ ಪ್ಯಾಂಟು ಹಾಕಿಕೊಳ್ಳುವಾಗ ಗೋಡೆ ಹಿಡಿಯದೆ ನಿಲ್ಲಲು ನೋಡು. ಹಲ್ಲುಜ್ಜುವಾಗ ಒಂದು ಕಾಲಲ್ಲಿ ಹತ್ತು ಎಣಿಸುವವರೆಗೆ, ಆಮೇಲೆ ಇನ್ನೊಂದು. ಒದ್ದೆ ನೆಲದಲ್ಲಿ ಮಾತ್ರ ಬೇಡ. ಹುಲ್ಲು, ಮಣ್ಣು, ದೇವಸ್ಥಾನದ ಕಲ್ಲುಹಾಸಿನ ಮೇಲೆ ಆಗಾಗ ಬರಿಗಾಲಲ್ಲಿ ನಡೆ, ಪಾದಕ್ಕೂ ನಾಲ್ಕು ಸುದ್ದಿ ಸಿಗಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡಿರುವವರು ಮನೆಯಲ್ಲಿದ್ದರೆ ಅವರಿಗೆ ಇದನ್ನು ಹೇಳಿಕೊಡಬೇಡ, ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಮೈಯ ವಿಷಯದಲ್ಲಿ ಆ ಗಾದೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1990ರಲ್ಲಿ ಅಮೆರಿಕದ ವೈದ್ಯರು ವೃದ್ಧಾಶ್ರಮದ ಹತ್ತು ಜನರಿಗೆ, ಎಲ್ಲರೂ 86ರಿಂದ 96 ವರ್ಷದವರು, ಎಂಟು ವಾರ ಕಾಲಿನ ಕಸರತ್ತು ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟನ್ನೂ ದಾಟಿತು. ಹಾಗಂತ ಮುದಿತನಕ್ಕೆ ಮುಂದೂಡಬೇಡ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕರಗಲು ಶುರುವಾಗುತ್ತದೆ, ನಿನಗಾಗಿ ಅದು ಕಾಯುವುದಿಲ್ಲ.

ಇಷ್ಟೆಲ್ಲ ಓದಿ ನಾಳೆಯೇ ಎಲ್ಲವನ್ನೂ ಒಟ್ಟಿಗೆ ಶುರುಮಾಡುತ್ತೀಯ ಅಂತ ನನಗೆ ಗೊತ್ತು. ಬೇಡ ಮರಿ. ಈ ತಿಂಗಳು ಒಂದೇ ಒಂದನ್ನು ಹಿಡಿ: ರಾತ್ರಿಯ ಊಟ ನೆಲದ ಮೇಲೆ, ಫೋನು ಇನ್ನೊಂದು ಕೋಣೆಯಲ್ಲಿ. ಅದು ರೂಢಿಯಾದ ಮೇಲೆ ಮುಂದಿನದು.