ಒಂದೇ ಬರಹ, ಎರಡು ಓದು

ವಿಕಿಪೀಡಿಯದಲ್ಲಿ ಒಂದು ಪದದ ಎರಡು ಬದಿಗೂ ಲೋಪಚಿಹ್ನೆಯನ್ನು (') ಎರಡೆರಡು ಸಲ ಒತ್ತಿದರೆ ಆ ಪದ ಓರೆ ಅಕ್ಷರದಲ್ಲಿ ಮೂಡುತ್ತದೆ. ಮೂರು ಮೂರು ಸಲ ಒತ್ತಿದರೆ ದಪ್ಪವಾಗುತ್ತದೆ. ಹಸ್ತಪ್ರತಿಯಲ್ಲಿ ಅಡಿಗೆರೆ ಎಳೆದು ಮೊಳೆ ಜೋಡಿಸುವವನಿಗೆ ಸೂಚನೆ ಕೊಡುತ್ತಿದ್ದಂತೆಯೇ ಇದು ಯಂತ್ರಕ್ಕೆ ಕೊಡುವ ಸೂಚನೆ. ಒಂದೇ ತಾಣದೊಳಗಿನ ಎರಡು ತಂತ್ರಾಂಶಗಳು ಈ ಗುರುತುಗಳನ್ನು ಬೇರೆ ಬೇರೆಯಾಗಿ ಓದಿದರೆ ಮಾಡುವುದೇನು? ಪ್ರಕೃತ ನಮ್ಮ ಮುಂದಿರುವ ಪ್ರಶ್ನೆ ಇದು.

2001ರಲ್ಲಿ ವಿಕಿಪೀಡಿಯ ಹುಟ್ಟಿದಾಗ ಈ ಗುರುತುಗಳಿಗೆ ಕ್ರಮವಾದ ಲಿಖಿತ ವ್ಯಾಕರಣವಿರಲಿಲ್ಲ. ತಂತ್ರಾಂಶ ಹೇಗೆ ಓದಿತೋ ಅದೇ ವ್ಯಾಕರಣವಾಯಿತು. ಫ್ರೆಂಚ್ ಭಾಷೆಯನ್ನೇ ನೋಡಿ. ಅಲ್ಲಿ ಏಕಾಕ್ಷರದ ಪದವೊಂದರ ನಂತರ ಲೋಪಚಿಹ್ನೆ ಸಹಜವಾಗಿ ಬರುತ್ತದೆ. ಅದರ ಮುಂದಿನ ಪದ ಓರೆಯಾಗಬೇಕಾದರೆ ಇದೊಂದು, ಅದೆರಡು ಕೂಡಿ ಮೂರಾಗಿ, ದಪ್ಪ ಅಕ್ಷರದ ಗುರುತಿನಂತೆ ಕಾಣುತ್ತದೆ! ಸಾಲಿನಲ್ಲಿ ಗುರುತುಗಳ ಜೋಡಿ ಕೂಡದೆ ಹೋದಾಗ ಏಕಾಕ್ಷರದ ಮುಂದಿನ ಮೂರರಲ್ಲಿ ಒಂದನ್ನು ಲೋಪಚಿಹ್ನೆಯೆಂದೇ ಎಣಿಸಲು ತಂತ್ರಾಂಶದೊಳಗೆ ನಿಯಮ ಮಾಡಬೇಕಾಯಿತು. ಪಾಣಿನಿಯ ಅಪವಾದಸೂತ್ರಗಳನ್ನು ಓದಿದವರಿಗೆ ಇದು ಹೊಸದಲ್ಲ.

ಇದಲ್ಲದೆ ಟೈಡಿ ಎಂಬ ಸಹಾಯಕ ತಂತ್ರಾಂಶವೊಂದಿತ್ತು. ಅಕ್ಷರವನ್ನು ಚಿಕ್ಕದು ಮಾಡುವ ಗುರುತನ್ನು ತೆರೆದು ಮುಚ್ಚಲು ಮರೆತರೆ, ಅದು ಸದ್ದಿಲ್ಲದೆ ಸರಿಪಡಿಸಿ ಪುಟವನ್ನು ತೋರಿಸುತ್ತಿತ್ತು. ತಪ್ಪು ಮೂಲದಲ್ಲಿ ಹಾಗೆಯೇ ಉಳಿಯುತ್ತಿತ್ತು. ಬರೆದವನಿಗೆ ಅದರ ಅರಿವೇ ಆಗುತ್ತಿರಲಿಲ್ಲ.

2013ರಲ್ಲಿ ಗುರುತುಗಳ ಗೊಡವೆಯಿಲ್ಲದೆ ತಿದ್ದಲು ವಿಷುಯಲ್ ಎಡಿಟರ್ ಎಂಬ ಸಲಕರಣೆ ಬಳಕೆಗೆ ಬಂತು. ಅದರ ಬೆನ್ನಿಗಿದ್ದುದು ಪಾರ್ಸಾಯ್ಡ್ ಎಂಬ ಬೇರೊಂದು ಓದುಗ ತಂತ್ರಾಂಶ. ಅದು ಎಚ್‌ಟಿಎಂಎಲ್ 5ರ ನಿಯಮದಂತೆ ನಡೆಯುವಂಥದು. ಹೀಗಾಗಿ ಓದುವಾಗ ಒಂದು ರೂಪ, ತಿದ್ದುವಾಗ ಇನ್ನೊಂದು ರೂಪ ಕಾಣುವ ಸಂದರ್ಭಗಳು ತಲೆದೋರಿದವು. ಒಂದು ಕಾಗುಣಿತ ತಿದ್ದಲು ಹೋದವನ ಕೈಯಿಂದ ಪುಟದ ಉಳಿದ ಭಾಗವೂ ಬದಲಾಗಿಬಿಟ್ಟರೆ ಹಿಂದಿನವರ ಶ್ರಮದ ಗತಿಯೇನು? ಆದ್ದರಿಂದ ಮುಟ್ಟದ ಭಾಗವನ್ನು ಮೂಲದಲ್ಲಿದ್ದಂತೆ ಅಕ್ಷರಶಃ ಹಿಂದಿರುಗಿಸಬೇಕೆಂಬ ಕಟ್ಟುಪಾಡನ್ನು ಪಾರ್ಸಾಯ್ಡ್‌ಗೆ ಹಾಕಲಾಯಿತು. ಗ್ರಂಥಸಂಪಾದಕನು ಮೂಲಪ್ರತಿಯ ವಿಷಯದಲ್ಲಿ ತೋರುವ ಸಂಯಮ ಇಂಥದೇ.

ಕೊನೆಗೆ 2018ರಲ್ಲಿ ಟೈಡಿಯನ್ನು ಕೈಬಿಟ್ಟು, ಎಚ್‌ಟಿಎಂಎಲ್ 5ರ ನಿಯಮವನ್ನೇ ಓದುವ ಪುಟಕ್ಕೂ ತಂದರು. ಆದರೆ ಏಕಾಏಕಿ ಅಲ್ಲ. ಲಿಂಟರ್ ಎಂಬ ಸಾಧನವು ಹೊಸ ಓದಿನಲ್ಲಿ ಕೆಡಬಹುದಾದ ಪುಟಗಳನ್ನು ಹುಡುಕಿ ಪಟ್ಟಿ ಮಾಡಿಕೊಟ್ಟಿತು. ಆಯಾ ಭಾಷೆಯ ಸಂಪಾದಕರು ಕೈಯಿಂದಲೂ ಬಾಟ್‌ಗಳ ನೆರವಿನಿಂದಲೂ ಮೂಲವನ್ನೇ ತಿದ್ದಿದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ಇಂಥ ದೋಷಗಳ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಬಚ್ಚಿಟ್ಟು ಸರಿಪಡಿಸುವ ಟೈಡಿಯ ದಾಕ್ಷಿಣ್ಯಕ್ಕಿಂತ ಎತ್ತಿ ತೋರಿಸುವ ಈ ನಿಷ್ಠುರತೆಯೇ ಲೇಸೆಂದು ನನ್ನ ಅಭಿಪ್ರಾಯ.

ಒಂದು ತೊಡಕು ಮಾತ್ರ ಉಳಿದಿದೆ. ಪ್ರತಿ ಪುಟದ ಹಳೆಯ ಆವೃತ್ತಿಗಳು ಇತಿಹಾಸದಲ್ಲಿ ಹಾಗೆಯೇ ಇರುತ್ತವೆ, ಅವನ್ನು ತಿದ್ದುವಂತಿಲ್ಲ. ಇಂದಿನ ತಂತ್ರಾಂಶ ಅವನ್ನು ಇಂದಿನ ನಿಯಮದಿಂದಲೇ ಓದುವುದರಿಂದ, ಎಂದೋ ಮುಚ್ಚದೆ ಬಿಟ್ಟ ಗುರುತೊಂದರ ಮುಂದಿನ ಬರಹವೆಲ್ಲ ಚಿಕ್ಕ ಅಕ್ಷರದಲ್ಲಿ ಕಾಣಿಸಬಹುದು. ಅಂದಿನ ಓದುಗರು ಅದನ್ನು ಹಾಗೆ ಕಂಡಿರಲೇ ಇಲ್ಲ.