ನೆರಳು ಗಿಡ್ಡವಿದ್ದಾಗ ಜೈವಿಕ ಔಷಧಿ ಹೊಡೆಯಬೇಡಿ

ತೊಗರಿಯ ಕಾಯಿಕೊರಕಕ್ಕೆ ಎನ್‌ಪಿವಿ ನಂಜಾಣು ಸಿಂಪಡಿಸಿದರೂ ಹುಳು ಸಾಯಲಿಲ್ಲವೇ? ಔಷಧಿಯನ್ನು ದೂರುವ ಮೊದಲು ಯಾವ ಹೊತ್ತಿನಲ್ಲಿ ಹೊಡೆದಿರಿ ಎಂದು ನೆನಪಿಸಿಕೊಳ್ಳಿ. ಬಿಸಿಲಿನಲ್ಲಿರುವ ಅತಿನೇರಳೆ (ಯುವಿ) ಕಿರಣ ಈ ನಂಜಾಣುವಿನ ಶಕ್ತಿಯನ್ನು ಎಲೆಯ ಮೇಲೆಯೇ ಕುಂದಿಸುತ್ತದೆ. ಬಿಟಿ ಬ್ಯಾಕ್ಟೀರಿಯಾ, ಬ್ಯುವೇರಿಯಾ ಶಿಲೀಂಧ್ರ, ಬೇವಿನ ಕಷಾಯಗಳಿಗೂ ಈ ಕಿರಣ ಆಗದು.

ಅಳೆಯುವುದು ಹೇಗೆ?

ಈ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿ ತಿಳಿಯದು. ಹಾಗಾಗಿ ಉಷ್ಣಮಾಪಕವಾಗಲಿ ಬೆಳಕಿನ ಮೀಟರಾಗಲಿ ಇದನ್ನು ಅಳೆಯಲಾರವು. ಯುವಿ ಸೆನ್ಸರೇ ಬೇಕು. ಅದನ್ನು ಮರ, ಗೋಡೆಗಳ ನೆರಳು ಬೀಳದ ಕಡೆ ಮಟ್ಟವಾಗಿ, ಆಕಾಶಕ್ಕೆ ಮುಖ ಮಾಡಿ ಇಡಬೇಕು. ಗಾಜಿನ ಮೇಲೆ ದೂಳು ಕೂತರೆ ಅಳತೆ ಕಡಿಮೆ ತೋರಿಸುತ್ತದೆ. ಫಲಿತಾಂಶವನ್ನು ಯುವಿ ಸೂಚ್ಯಂಕವಾಗಿ ಹೇಳುತ್ತಾರೆ: 3ರಿಂದ ಮೇಲೆ ಮೈಗೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11 ಮತ್ತು ಅದಕ್ಕಿಂತ ಮೇಲೆ ವಿಪರೀತ. ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲೂ ಈ ಸೂಚ್ಯಂಕ ಸಿಗುತ್ತದೆ. ಅದು ಬಹುತೇಕ ಲೆಕ್ಕ ಹಾಕಿದ ಅಂದಾಜು.

ಉಪಕರಣವಿಲ್ಲದಿದ್ದರೆ ಹೊಲದಲ್ಲಿ ಆರಡಿ ಕೋಲು ನೆಟ್ಟಗೆ ನಿಲ್ಲಿಸಿ. ನೆರಳು ಆರಡಿಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಕಲಬುರಗಿಯಲ್ಲಿ ಡಿಸೆಂಬರಿನ ನಡುಹಗಲಲ್ಲೂ ಆ ನೆರಳು ಸುಮಾರು ಐದಡಿ ಮಾತ್ರ. ಚಳಿಗಾಲವೆಂದು ಮೈಮರೆಯುವಂತಿಲ್ಲ.

ಏರಿಳಿತಕ್ಕೆ ಕಾರಣಗಳು

- ಸೂರ್ಯನ ಎತ್ತರ: ಇದೇ ಮುಖ್ಯ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ದಿನದ ಬಹುಪಾಲು ಕಿರಣ ಬೀಳುತ್ತದೆ.
- ಓಝೋನ್: ಹೆಚ್ಚು ಹಾನಿಕರವಾದ ಯುವಿ-ಬಿ ಕಿರಣದ ಬಹುಭಾಗವನ್ನು ಮೇಲೆಯೇ ತಡೆಯುತ್ತದೆ.
- ಮೋಡ: ದಟ್ಟ ಮೋಡ ತಡೆಯುತ್ತದೆ, ತೆಳು ಮೋಡದಿಂದ ಬಹಳ ಕಿರಣ ನುಸುಳುತ್ತದೆ.
- ಎತ್ತರ: ಪ್ರತಿ 1000 ಮೀಟರ್ ಮೇಲೇರಿದರೆ ಸುಮಾರು ಶೇ 10 ಹೆಚ್ಚು.
- ದೂಳು, ಹೊಗೆ: ಕಿರಣವನ್ನು ತಗ್ಗಿಸುತ್ತವೆ.
- ನೆಲ: ಹುಲ್ಲು, ಮಣ್ಣು ಶೇ 10ಕ್ಕಿಂತ ಕಡಿಮೆ ಪ್ರತಿಫಲಿಸುತ್ತವೆ, ಒಣ ಮರಳು ಸುಮಾರು ಶೇ 15.

ರೈತರು ಮಾಡಬೇಕಾದುದು

ಎನ್‌ಪಿವಿಯನ್ನು ಹೆಕ್ಟೇರಿಗೆ 250 ಎಲ್‌ಇ (ಲಾರ್ವಾ ಸಮಾನ) ಪ್ರಮಾಣದಲ್ಲಿ, ಹುಳು ಚಿಕ್ಕದಿರುವಾಗ, ಇಳಿಹೊತ್ತಿನಲ್ಲಿ ಸಿಂಪಡಿಸಿ. ಪ್ರತಿ ಲೀಟರ್ ದ್ರಾವಣಕ್ಕೆ 5 ಗ್ರಾಂ ಬೆಲ್ಲ ಮತ್ತು ಕಿರಣದಿಂದ ರಕ್ಷಣೆಗೆ 1 ಗ್ರಾಂ ಟಿನೋಪಾಲ್ ಪುಡಿ ಬೆರೆಸಿ. ರಾತ್ರಿಯಿಡೀ ಹುಳು ಮೇಯುವುದರಿಂದ ಬಿಸಿಲೇರುವ ಮುನ್ನವೇ ನಂಜಾಣು ಅದರ ಹೊಟ್ಟೆ ಸೇರುತ್ತದೆ. ಪಾಲಿಹೌಸ್‌ಗೆ ಯುವಿ ನಿರೋಧಕ ಹಾಳೆಯನ್ನೇ ಕೊಳ್ಳಿ. ಸಾದಾ ಹಾಳೆ ಈ ಕಿರಣಕ್ಕೆ ಬೇಗ ಪುಡಿಯಾಗುತ್ತದೆ.

ಕಳೆ ತೆಗೆಯುವ ಕೆಲಸವನ್ನು ಆದಷ್ಟು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಇಲ್ಲದೆ ನಡುಹಗಲಲ್ಲಿ ಹೊಲಕ್ಕೆ ಇಳಿಯಬೇಡಿ.